ಅಡಿಕೆಯ ಇನ್ನೊಂದು ಹೆಸರು

ನಮ್ಮ ಅಡಿಕೆ ಮುಂಬಯಿಯ ಅಂಗಡಿಯಲ್ಲಿ ಸುಪಾರಿ, ಚೆನ್ನೈಯಲ್ಲಿ ಪಾಕ್ಕು, ಹೈದರಾಬಾದಿನ ತೆಲುಗರಲ್ಲಿ ವಕ್ಕ. ಕರಾವಳಿಯಿಂದ ಬಂದ ತುಳುವರ ಮನೆಯಲ್ಲಿ ಅದೇ ಬಜ್ಜೆಯಿ. ಹೊರನಾಡಿನಲ್ಲಿ ನೆಲಸಿದವರಿಗೆ ಇದು ನಿತ್ಯದ ಅನುಭವ. ವ್ಯವಹಾರಕ್ಕೆ ಇದರಿಂದ ತೊಡಕಿಲ್ಲವಾದರೂ ವೈದ್ಯ, ಕೃಷಿ, ಸಂಶೋಧನೆಗಳಲ್ಲಿ ಯಾವ ಸಸ್ಯದ ಮಾತು ನಡೆದಿದೆಯೆಂಬುದು ಸಂದೇಹಕ್ಕೆಡೆಯಿಲ್ಲದಂತೆ ತಿಳಿಯಬೇಕು. ವೈಜ್ಞಾನಿಕ ನಾಮದ ಪ್ರಯೋಜನ ಇಲ್ಲಿದೆ.

ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಪ್ರಕಟಿಸಿದ 'ಸ್ಪೀಷೀಸ್ ಪ್ಲಾಂಟಾರಂ' ಗ್ರಂಥದಿಂದ ಸಸ್ಯನಾಮಗಳ ಲೆಕ್ಕ ಆರಂಭವಾಗುತ್ತದೆ. ಅದಕ್ಕೆ ಮುಂಚೆ ಒಂದು ಗಿಡವನ್ನು ಹೆಸರಿಸಲು ಲ್ಯಾಟಿನ್ನಿನ ಉದ್ದನೆಯ ವರ್ಣನೆಯೇ ಬೇಕಾಗುತ್ತಿತ್ತು. ಲಿನೇಯಸ್ ಅದನ್ನು ಎರಡು ಪದಗಳಿಗೆ ಇಳಿಸಿದನು. ಮೊದಲನೆಯದು ಕುಲವನ್ನು, ಎರಡನೆಯದು ಆ ಕುಲದೊಳಗಿನ ಪ್ರಭೇದವನ್ನು ಸೂಚಿಸುತ್ತದೆ. ರೋಮನ್ ಲಿಪಿಯಲ್ಲಿ ಕುಲನಾಮದ ಮೊದಲಕ್ಷರ ದೊಡ್ಡದು, ಪ್ರಭೇದನಾಮದ್ದು ಚಿಕ್ಕದು. ಕನ್ನಡ ಲಿಪಿಗೆ ಈ ಭೇದವೇ ಇಲ್ಲ.

ಅಡಿಕೆಗೆ ಅವನಿತ್ತ ಹೆಸರು 'ಅರೆಕ ಕೆಟೆಚು'. ಮಲಯಾಳದ 'ಅಡಯ್ಕ' ಪೋರ್ಚುಗೀಸರ ಬಾಯಲ್ಲಿ 'ಅರೆಕ' ಆಯಿತೆಂದು ಭಾಷಾತಜ್ಞರ ಮತ. ಕನ್ನಡದ 'ಅಡಿಕೆ' ಅದರ ಸೋದರ ಪದ. ಲ್ಯಾಟಿನ್ನಿನ ಉಡುಪು ತೊಟ್ಟಿದ್ದರೂ ಈ ಹೆಸರಿನ ಮೊದಲರ್ಧ ದ್ರಾವಿಡ ಮೂಲದ್ದು! ಎರಡನೆಯ ಪದವಾದರೋ ತಪ್ಪು ತಿಳಿವಿನ ಫಲ. 'ಕೆಟೆಚು' ಎಂದರೆ ಕಾಚು. ಕಾಚನ್ನು ತೆಗೆಯುವುದು ಕಗ್ಗಲಿ ಮರದ ಚೇಗಿನಿಂದ. ಅಡಿಕೆಯಿಂದಲೆಂದು ಲಿನೇಯಸ್ ಭಾವಿಸಿದ್ದನು. ಅಡಿಕೆ ಬೇಯಿಸಿದ ನೀರಿನಿಂದ ಮಲೆನಾಡಿನಲ್ಲಿ ಸಿದ್ಧಪಡಿಸುವ ಚೊಗರನ್ನು ನೆನೆದರೆ ಈ ತಪ್ಪು ತೀರ ಅಸಹಜವೆನಿಸದು.

ಮುಂದೆ ಲಿನೇಯಸ್‌ನ ಮಗ ಕಗ್ಗಲಿಗೂ 'ಕೆಟೆಚು' ಎಂಬ ಪ್ರಭೇದನಾಮವನ್ನೇ ಕೊಟ್ಟನು. ಹಾಗೆಂದು ಅಡಿಕೆಯ ಹೆಸರನ್ನು ತಿದ್ದಲಾಗಲಿಲ್ಲ. ಅರ್ಥ ಹೊಂದುವುದಿಲ್ಲವೆಂಬ ಕಾರಣಕ್ಕೆ ನ್ಯಾಯಬದ್ಧವಾಗಿ ಪ್ರಕಟವಾದ ಹೆಸರನ್ನು ತಳ್ಳಿಹಾಕುವಂತಿಲ್ಲವೆಂಬುದು ಸಸ್ಯನಾಮಕರಣದ ನಿಯಮ. ಕಪ್ಪಗಿರುವವನಿಗೂ ಗೌರಾಂಗನೆಂದು ಹೆಸರಿರಬಹುದಷ್ಟೆ. ಪ್ರತಿಯೊಂದು ತಿಳಿವಳಿಕೆಯ ಬದಲಾವಣೆಗೂ ಹೆಸರು ಬದಲಿಸುತ್ತ ಹೋದರೆ ಹಳೆಯ ಗ್ರಂಥಗಳೊಡನೆ ಸಂಬಂಧವೇ ಕಡಿದುಹೋದೀತು. ಇನ್ನು ಎರಡು ಮರಗಳಿಗೆ ಒಂದೇ ಪ್ರಭೇದನಾಮವಿದ್ದರೆ ಗೊಂದಲವಾಗದೆ? ಆಗದು, ಕುಲ ಬೇರೆಯಾದ್ದರಿಂದ ಪೂರ್ಣನಾಮವೂ ಬೇರೆ.

ಹೆಸರು ಬದಲಾಗುವ ಪ್ರಸಂಗಗಳೂ ಉಂಟು. ಕಗ್ಗಲಿ ಬಹುಕಾಲ 'ಅಕೇಶಿಯ ಕೆಟೆಚು' ಆಗಿತ್ತು. ಈ ಭಾರಿ ಕುಲವನ್ನು ಒಡೆಯಬೇಕಾಗಿ ಬಂದಾಗ, 'ಅಕೇಶಿಯ' ಎಂಬ ಹೆಸರನ್ನು ಬಹುತೇಕ ಆಸ್ಟ್ರೇಲಿಯದ ಮರಗಳೇ ತುಂಬಿರುವ ಗುಂಪಿಗೆ ಉಳಿಸಲು 2005ರ ವಿಯೆನ್ನಾ ಸಮ್ಮೇಳನ ನಿರ್ಧರಿಸಿತು. 2011ರ ಮೆಲ್ಬರ್ನ್ ಸಮ್ಮೇಳನವೂ ಅದನ್ನೇ ಎತ್ತಿಹಿಡಿಯಿತು. ಆಫ್ರಿಕ, ಏಷ್ಯಗಳ ಮರಗಳು ಹಳೆಯ ಹೆಸರನ್ನು ಬಿಟ್ಟುಕೊಡಬೇಕಾದುದು ಅನೇಕರಿಗೆ ಹಿಡಿಸಲಿಲ್ಲ. ಅವರ ಅಸಮಾಧಾನ ನಿರಾಧಾರವೆನ್ನಲಾಗದು. ಈಗ ಕಗ್ಗಲಿ 'ಸೆನೆಗಾಲಿಯ ಕೆಟೆಚು', ಕರಿಜಾಲಿ 'ವ್ಯಾಚೆಲಿಯ ನೈಲೋಟಿಕ'. ಕುಲ ಬದಲಾದರೂ ಪ್ರಭೇದನಾಮ ಹಾಗೆಯೇ ಉಳಿದಿರುವುದನ್ನು ಗಮನಿಸಬೇಕು. ಹಳೆಯ ಸಸ್ಯಕೋಶಗಳಲ್ಲಿ ಈ ಮರಗಳನ್ನು ಹುಡುಕುವವರು ಆ ಎರಡನೆಯ ಪದದ ಜಾಡನ್ನೇ ಹಿಡಿದು ಹೋಗಬೇಕು.