ದ್ವಿದಳ ಧಾನ್ಯಗಳು ಮತ್ತು ದೇಹದ ಕೊಬ್ಬಿನ ಇಳಿಕೆ

ಹುರುಳಿ, ಅವರೆ, ಅಲಸಂದೆ, ಹೆಸರು, ತೊಗರಿ, ಕಡಲೆ ಮೊದಲಾದ ದ್ವಿದಳ ಧಾನ್ಯಗಳು ಫ್ಯಾಬೇಸಿಯೆ ಕುಟುಂಬದ ಸಸ್ಯಗಳ ಒಣಕಾಳುಗಳು. ಇವುಗಳಲ್ಲಿ ಪಿಷ್ಟ ಅಧಿಕವಾಗಿದ್ದರೂ ಪ್ರೋಟೀನ್ ಮತ್ತು ನಾರು ಹೇರಳವಾಗಿರುವುದರಿಂದ, ದೇಹದ ಕೊಬ್ಬನ್ನು ಇಳಿಸುವ ಆಹಾರಕ್ರಮಕ್ಕೆ ಇವು ಸೂಕ್ತ. ಆದರೆ ಊಟದ ಒಟ್ಟು ಶಕ್ತಿ ಮಿತಿಯಲ್ಲಿದ್ದಾಗ ಮಾತ್ರ ಈ ಪ್ರಯೋಜನ ದೊರೆಯುತ್ತದೆ.

ಪೋಷಕಾಂಶಗಳು

100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್, 57 ಗ್ರಾಂ ಶರ್ಕರಪಿಷ್ಟ ಹಾಗೂ 1 ಗ್ರಾಂಗಿಂತ ಕಡಿಮೆ ಕೊಬ್ಬು ಇರುತ್ತದೆ. ಕಾಳಿನ ಪಿಷ್ಟ ನಿಧಾನವಾಗಿ ಜೀರ್ಣವಾಗುವುದರಿಂದ ರಕ್ತದ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ಬೆಂದ ಕಾಳು ನೀರು ಹೀರಿ ಹಿಗ್ಗುತ್ತದೆ. ನಾರಿನೊಡನೆ ಸೇರಿ ಹೊಟ್ಟೆ ತುಂಬಿದ ಭಾವವನ್ನು ಹೆಚ್ಚು ಹೊತ್ತು ಉಳಿಸುತ್ತದೆ. ನೆಲಗಡಲೆಯೂ ಇದೇ ಕುಟುಂಬಕ್ಕೆ ಸೇರಿದ್ದರೂ ಅದರಲ್ಲಿ ಕೊಬ್ಬು ಸುಮಾರು ಶೇ. 40–50ರಷ್ಟಿರುವುದರಿಂದ ಅದನ್ನು ಬೇಳೆಕಾಳುಗಳಂತೆ ಧಾರಾಳವಾಗಿ ಬಳಸಲಾಗದು.

ಸಂಶೋಧನೆ

ಕೆನಡಾದ ಸಂಶೋಧಕರು 2016ರಲ್ಲಿ 940 ಜನರನ್ನು ಒಳಗೊಂಡ 21 ಪ್ರಯೋಗಗಳನ್ನು ಒಟ್ಟಾಗಿ ವಿಶ್ಲೇಷಿಸಿದರು. ದಿನಕ್ಕೆ ಸುಮಾರು 130 ಗ್ರಾಂ ಬೆಂದ ಕಾಳು ತಿಂದವರ ತೂಕ ಸುಮಾರು ಆರು ವಾರಗಳಲ್ಲಿ ಸರಾಸರಿ 0.34 ಕಿಲೋಗ್ರಾಂ ಇಳಿದಿತ್ತು. ದೇಹದ ಕೊಬ್ಬಿನ ಶೇಕಡಾ ಪ್ರಮಾಣದಲ್ಲಿ ಕಂಡ ಇಳಿಕೆ ಸಂಖ್ಯಾಶಾಸ್ತ್ರೀಯವಾಗಿ ಖಚಿತವಾಗಿರಲಿಲ್ಲ. ಆದ್ದರಿಂದ ಕಾಳುಗಳು ಸಹಾಯಕವೇ ಹೊರತು ಕೊಬ್ಬು ಕರಗಿಸುವ ಔಷಧಿಗಳಲ್ಲ.

ತುಮಕೂರು ಭಾಗದ ಊಟ

ವಸಂತನರಸಾಪುರ, ಗುಬ್ಬಿ, ಕುಣಿಗಲ್ ಸೇರಿದಂತೆ ತುಮಕೂರು ಜಿಲ್ಲೆಯಲ್ಲಿ ರಾಗಿ ಮುದ್ದೆಯೊಡನೆ ಹುರುಳಿ ಸಾರು, ಅವರೆಕಾಳಿನ ಸಾರು, ಬಸ್ಸಾರು ರೂಢಿಯಲ್ಲಿವೆ. ಕಾಳಿನಲ್ಲಿ ಹೇರಳವಾಗಿರುವ ಲೈಸಿನ್ ರಾಗಿಯಲ್ಲಿ ಕಡಿಮೆ. ಕಾಳಿನಲ್ಲಿ ಕಡಿಮೆಯಿರುವ ಮೆಥಿಯೋನಿನ್ ರಾಗಿಯಲ್ಲಿದೆ. ಹೀಗಾಗಿ ಇವೆರಡೂ ಪರಸ್ಪರ ಪೂರಕ. ಬಸ್ಸಾರಿನಲ್ಲಿ ಬೇಯಿಸಿದ ನೀರನ್ನು, ಅಂದರೆ ಕಟ್ಟನ್ನು, ಬಸಿದು ಸಾರು ಮಾಡಿ, ಉಳಿದ ಕಾಳು-ಸೊಪ್ಪನ್ನು ಪಲ್ಯ ಮಾಡುತ್ತಾರೆ. ಪ್ರೋಟೀನ್ ಮತ್ತು ನಾರಿನ ಬಹುಪಾಲು ಕಾಳಿನಲ್ಲೇ ಉಳಿಯುವುದರಿಂದ, ಪಲ್ಯ ಬಿಟ್ಟು ಸಾರನ್ನಷ್ಟೇ ಉಂಡರೆ ಹೆಚ್ಚಿನ ಲಾಭವಿಲ್ಲ. ತೂಕ ಇಳಿಸುವವರು ಮುದ್ದೆ ಅಥವಾ ಅನ್ನದ ಗಾತ್ರವನ್ನು ತಗ್ಗಿಸಿ ಆ ಜಾಗಕ್ಕೆ ಕಾಳಿನ ಪಲ್ಯ, ಉಸಲಿ ಇಲ್ಲವೇ ಹೆಸರುಬೇಳೆ ಕೋಸಂಬರಿಯನ್ನು ತರಬಹುದು. ಇದ್ದ ಊಟದ ಮೇಲೆ ಕಾಳನ್ನೂ ಸೇರಿಸಿದರೆ, ಇಲ್ಲವೇ ಒಗ್ಗರಣೆಗೆ ಎಣ್ಣೆ, ಕಾಯಿತುರಿ ಹೆಚ್ಚಾದರೆ ಒಟ್ಟು ಶಕ್ತಿಯೂ ಏರುತ್ತದೆ.

ಎಚ್ಚರಿಕೆಗಳು

ಕಾಳಿನಲ್ಲಿರುವ ರಾಫಿನೋಸ್ ಜಾತಿಯ ಸಕ್ಕರೆಗಳು ದೊಡ್ಡ ಕರುಳಿನಲ್ಲಿ ಹುದುಗಿ ವಾಯು ಉಂಟುಮಾಡುತ್ತವೆ. ನೆನೆಸಿ ನೀರು ಚೆಲ್ಲುವುದು, ಮೊಳಕೆ ಬರಿಸುವುದು ಮತ್ತು ಪ್ರಮಾಣವನ್ನು ಕ್ರಮೇಣ ಹೆಚ್ಚಿಸುವುದು ಇದನ್ನು ತಗ್ಗಿಸುತ್ತವೆ. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರ ಸಲಹೆಯಿಲ್ಲದೆ ಕಾಳುಗಳ ಪ್ರಮಾಣವನ್ನು ಹೆಚ್ಚಿಸಬಾರದು.