ಜಾಲತಾಣ ತೆರೆಯುವ ಮುನ್ನ ಐದು ತಾಲ್ಲೂಕಿನ ಐದು ಹೆಣ್ಣುಮಕ್ಕಳ ಕೈಗೆ ಕೊಡಿ

ಹಾಲಿನ ಬಟವಾಡೆ ಬ್ಯಾಂಕ್ ಖಾತೆಗೆ ಬರತೊಡಗಿದೆ. ಆಕಳು, ಎಮ್ಮೆಯ ಕಿವಿಯೋಲೆ ಸಂಖ್ಯೆ ಕಂಪ್ಯೂಟರಿಗೆ ಏರಿದೆ. ಹೈನುಗಾರಿಕೆಯ ಲೆಕ್ಕವೆಲ್ಲ ಮೆಲ್ಲಗೆ ಮೊಬೈಲಿನೊಳಗೆ ಸೇರಿಕೊಳ್ಳುತ್ತಿದೆ. ಆದರೆ ಹಾಲು ಹಿಂಡುವವರು ನೀವು, ಜಾಲತಾಣ ತೆರೆದು ನೋಡುವವನು ಮಗ, ಇಲ್ಲವೆ ಸೇವಾ ಕೇಂದ್ರದ ಹುಡುಗ. "ನಮಗೆಲ್ಲಿ ಅದೆಲ್ಲ ತಿಳಿಯುತ್ತದೆ" ಎಂದು ಎಷ್ಟೋ ಅಕ್ಕಂದಿರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಬಹಳ ಸಲ ದೋಷ ಅವರದಲ್ಲ, ಜಾಲತಾಣ ಮಾಡಿದವರದು.

ನಮ್ಮ ಭಾಗದ ಉದಾಹರಣೆಯನ್ನೇ ನೋಡಿ. ಯಾವ ಅರ್ಜಿ ತೆರೆದರೂ ಮೊದಲು ಕೇಳುವುದು ಜಿಲ್ಲೆ. ಹರಪನಹಳ್ಳಿ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಐವತ್ತು ದಾಟಿದ ಹರಪನಹಳ್ಳಿಯ ಹೆಣ್ಣುಮಗಳು ಮನೆ ಬದಲಿಸದೆಯೇ ಮೂರು ಜಿಲ್ಲೆ ಕಂಡಿದ್ದಾಳೆ. ಆಕೆಯ ಹಳೆಯ ಕಾಗದದಲ್ಲಿ ಒಂದು ಜಿಲ್ಲೆ, ಹೊಸದರಲ್ಲಿ ಇನ್ನೊಂದು. ಪರದೆಯ ಮೇಲಿನ ಉದ್ದನೆಯ ಪಟ್ಟಿಯಲ್ಲಿ ಯಾವುದನ್ನು ಒತ್ತಬೇಕು? ಕೊಟ್ಟೂರಿನವರದೂ ಇದೇ ಪಾಡು. ಕೂಡ್ಲಿಗಿಯಿಂದ ಬೇರೆಯಾಗಿ ಅದು ತಾಲ್ಲೂಕಾದದ್ದು ಈಚೆಗೆ. ಪಟ್ಟಿ ಹಳೆಯದಾಗಿದ್ದರೆ ಅದರಲ್ಲಿ ಕೊಟ್ಟೂರು ತಾಲ್ಲೂಕೇ ಇರುವುದಿಲ್ಲ. ಹಡಗಲಿ ಎಂದು ಹುಡುಕಿದರೆ ಸಿಗದೆ ಹೂವಿನಹಡಗಲಿ ಎಂದೇ ಬರೆಯಬೇಕಾಗಬಹುದು. ಹಗರಿಬೊಮ್ಮನಹಳ್ಳಿಯನ್ನು ಬಸ್ಸಿನವರೂ ಎಚ್.ಬಿ. ಹಳ್ಳಿ ಎನ್ನುತ್ತಾರೆ. ಕಂಪ್ಯೂಟರಿಗೆ ಮಾತ್ರ ಪೂರ್ತಿ ಹೆಸರೇ ಆಗಬೇಕು!

ಇದಕ್ಕೆ ಪರಿಹಾರ ಕಷ್ಟವಲ್ಲ. ಮೊದಲು ಊರಿನ ಹೆಸರು ಕೇಳಿ, ತಾಲ್ಲೂಕು, ಜಿಲ್ಲೆಯನ್ನು ಜಾಲತಾಣವೇ ತುಂಬಿಕೊಳ್ಳಲಿ. ಜನ ಆಡುವ ಹೆಸರನ್ನೂ ಅದು ಗುರುತಿಸಲಿ.

ಎರಡನೆಯ ತೊಡಕು ಸಂಖ್ಯೆಯದು. ಕಿವಿಯೋಲೆಯಲ್ಲಿ 12 ಅಂಕಿ, ಆಧಾರ್‌ನಲ್ಲೂ 12 ಅಂಕಿ. 'ಸಂಖ್ಯೆ ನಮೂದಿಸಿ' ಎಂದಷ್ಟೇ ಬರೆದ ಖಾನೆಯಲ್ಲಿ ಒಂದರ ಬದಲು ಇನ್ನೊಂದು ಹೋಗುವುದು ಸಹಜ. ಖಾನೆಯ ಪಕ್ಕದಲ್ಲೇ ಕಿವಿಯೋಲೆಯ ಚಿತ್ರವಿದ್ದರೆ, ಅಂಕಿಗಳು ನಾಲ್ಕು ನಾಲ್ಕಾಗಿ ಬಿಡಿಸಿ ಕಂಡರೆ, ಓದಿ ಹೇಳುವವರಿಗೂ ಒತ್ತುವವರಿಗೂ ಹಗುರ. ತಪ್ಪಾದಾಗ ಕೆಂಪು ಅಕ್ಷರದಲ್ಲಿ 'ಅಮಾನ್ಯ' ಎಂದು ತೋರಿಸಿದರೆ ಏನೂ ತಿಳಿಯದು. 'ಒಂದು ಅಂಕಿ ಕಡಿಮೆ ಇದೆ, ಮತ್ತೊಮ್ಮೆ ನೋಡಿ' ಎಂದರೆ ಯಾರಿಗಾದರೂ ತಿಳಿಯುತ್ತದೆ. ಇನ್ನೊಂದು ಮಾತು: ತಪ್ಪಾದ ಒಂದು ಖಾನೆಗಾಗಿ ತುಂಬಿದ್ದನ್ನೆಲ್ಲ ಅಳಿಸಿಹಾಕುವ ಜಾಲತಾಣ ಯಾರಿಗೂ ಬೇಡ.

ಇನ್ನು ಮಾತು. ನಾವು ಆಕಳು ಎನ್ನುತ್ತೇವೆ, ಪುಸ್ತಕ ಹಸು ಎನ್ನುತ್ತದೆ, ಕಚೇರಿ ಜಾನುವಾರು ಎನ್ನುತ್ತದೆ. ಡೇರಿ ಎಂದರೆ ತಿಳಿಯುವವರಿಗೆ 'ಪ್ರಾಥಮಿಕ ಹಾಲು ಉತ್ಪಾದಕರ ಸಹಕಾರ ಸಂಘ' ಎಂದು ಬರೆದು ಅದರ ಮೇಲೆ ಒತ್ತಿ ಅಂದರೆ ಬೆರಳು ಅಲ್ಲೇ ನಿಲ್ಲುತ್ತದೆ. ಕೆಲವು ಪುಟಗಳಲ್ಲಿ ಕನ್ನಡವೇ ಕಾಣುವುದಿಲ್ಲ. ಹಳೆಯ ನುಡಿ ಲಿಪಿಯಲ್ಲಿ ಟೈಪು ಮಾಡಿದ್ದನ್ನು ಯೂನಿಕೋಡಿಗೆ ಬದಲಿಸದೆ ಹಾಗೇ ಹಾಕಿದರೆ, ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಮೇಲ್ಗಡೆ ಸರದಿಯಂತೆ ಓಡುವ ದೊಡ್ಡ ದೊಡ್ಡ ಫೋಟೋಗಳಂತೂ ಡೇಟಾ ತಿನ್ನುತ್ತವೆ. ಸಿಗ್ನಲ್ ಒಂದೇ ಗೆರೆ ಇರುವ ಊರಿನಲ್ಲಿ ಅವು ಬರುವಷ್ಟರಲ್ಲಿ ಸಂಜೆಯ ಹಾಲಿನ ಹೊತ್ತಾಗಿರುತ್ತದೆ. ಮೊದಲ ಪರದೆಯಲ್ಲಿ ಬೇಕಾದ್ದು ನಾಲ್ಕೇ: ನನ್ನ ಹಾಲಿನ ಲೆಕ್ಕ, ಲಸಿಕೆ ಯಾವಾಗ, ಪಶು ಆಹಾರದ ದರ, ಡಾಕ್ಟರಿಗೆ ಫೋನು. ಪಶು ಚಿಕಿತ್ಸೆಯ 1962 ಸಂಖ್ಯೆ ಬರಿದೇ ಬರಹವಾಗಿ ಇದ್ದರೆ ಸಾಲದು, ಅದನ್ನು ಒತ್ತಿದರೆ ಕರೆ ಹೋಗಬೇಕು. ಕೆಚ್ಚಲು ಬಾತು ಆಕಳು ಒದ್ದಾಡುವಾಗ ಯಾರು ಬರೆದುಕೊಂಡು ಕೂರುತ್ತಾರೆ?

ತೊಡಕಿನ ಜಾಲತಾಣದ ಬೆಲೆ ತೆರುವವರು ನಾವೇ. ಸ್ವಂತ ಬಟವಾಡೆ ಎಷ್ಟು ಬಂತೆಂದು ಇನ್ನೊಬ್ಬರನ್ನು ಕೇಳಬೇಕು. ಫೋನಿಗೆ ಬಂದ ಓಟಿಪಿಯನ್ನು ಗೊತ್ತಿಲ್ಲದವರಿಗೆ ಓದಿ ಹೇಳಬೇಕು. ಓಟಿಪಿ ಎಂದರೆ ಖಾತೆಯ ಬೀಗದ ಕೈ ಎಂದು ಬ್ಯಾಂಕಿನವರು ಎಷ್ಟು ಹೇಳಿದರೂ, ತಾನೇ ತುಂಬಲು ಬಾರದ ಪುಟದ ಮುಂದೆ ಹೆಣ್ಣುಮಗಳು ಇನ್ನೇನು ಮಾಡಿಯಾಳು?

ಜಾಲತಾಣಗಳ ಬಳಕೆ ಸುಲಭವಾಗಬೇಕೆಂದು ಬಹುಕಾಲ ಕೆಲಸ ಮಾಡಿದ ಡೆನ್ಮಾರ್ಕಿನ ಯಾಕೋಬ್ ನೀಲ್ಸನ್ 2000ದಲ್ಲಿ ಒಂದು ಸರಳ ಲೆಕ್ಕ ಹೇಳಿದರು. ಸಾವಿರ ಜನರನ್ನು ಕೇಳಬೇಕಿಲ್ಲ, ಬಳಸುವವರಲ್ಲೇ ಐದು ಜನರ ಕೈಗೆ ಕೊಟ್ಟು ನೋಡಿದರೆ ತೊಡಕುಗಳಲ್ಲಿ ಹೆಚ್ಚಿನವು ಹೊರಬೀಳುತ್ತವೆ. ತಿದ್ದಿ, ಮತ್ತೆ ಐದು ಜನರಿಗೆ ಕೊಡಬೇಕು. ನಮ್ಮ ತಾಲ್ಲೂಕುಗಳೂ ಐದೇ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಿಂದ ಒಬ್ಬೊಬ್ಬ ಹೈನುಗಾರ ಮಹಿಳೆಯನ್ನು ಕರೆಯಿರಿ. ಐವರೂ ಕಾರ್ಯದರ್ಶಿಗಳೇ ಆಗುವುದು ಬೇಡ. ಒಬ್ಬರಾದರೂ ಅಕ್ಷರ ಕೂಡಿಸಿ ಓದುವವರಿರಲಿ, ಒಬ್ಬರಾದರೂ ಕನ್ನಡಕದವರಿರಲಿ, ಫೋನು ಅವರವರದೇ ಇರಲಿ. "ಹೋದ ಬಟವಾಡೆ ಎಷ್ಟೆಂದು ಹುಡುಕಿ ಅಕ್ಕಾ" ಎಂದಷ್ಟೇ ಹೇಳಿ ಸುಮ್ಮನೆ ಕೂರಬೇಕು. ಹೇಳಿಕೊಡಬಾರದು, ಅದೇ ಕಷ್ಟದ ಕೆಲಸ. ಬೆರಳು ಎಲ್ಲಿ ತಡೆಯಿತು, ಎಲ್ಲಿ ಹಿಂದೆ ಬಂತು ಎಂಬುದನ್ನು ಬರೆದುಕೊಳ್ಳಬೇಕು. ಆಕೆಯ ಅಂದಿನ ಕೂಲಿ, ಬಸ್ ಚಾರ್ಜು ಕೊಡಬೇಕು.

ಸಂಘದ ವಾರ್ಷಿಕ ಸಭೆಯಲ್ಲಿ ಹೊಸ ಜಾಲತಾಣದ ಮಾತು ಬಂದರೆ, ಅಕ್ಕಂದಿರೇ, ಖರ್ಚು ಎಷ್ಟೆಂದು ಕೇಳಿದ ಮೇಲೆ ಇದನ್ನೂ ಕೇಳಿ: ತೆರೆಯುವ ಮುನ್ನ ಇದನ್ನು ಯಾವ ಹೆಣ್ಣುಮಗಳ ಕೈಗೆ ಕೊಟ್ಟು ನೋಡಿದಿರಿ?