82 ಇಂಚು ಮಳೆ, ಒಂದು ಹನಿಯೂ ಇಲ್ಲ

ಕೊಡಗಿನ ನಾಪೋಕ್ಲು ಕಡೆಯ ಕಾಫಿ ಬೆಳೆಗಾರರೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗ ತೋಟದಲ್ಲಿ ಜೋಡಿಸಿಟ್ಟ ಮಳೆಮಾಪಕ ದಿನವೂ ಮೊಬೈಲಿಗೆ ಲೆಕ್ಕ ಕಳಿಸುತ್ತದೆ. ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುತ್ತಿದ್ದ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅದು '82 ಇಂಚು 24 ಸೆಂಟು' ಎಂದಿತಂತೆ. ಆಕಾಶದಲ್ಲಿ ಮೋಡವೇ ಇರಲಿಲ್ಲ! ದೃಷ್ಟಿ ತಾಗಿದೆಯೆಂದು ಯಾರೋ ಪೆಟ್ಟಿಗೆಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರಂತೆ.

ದಯವಿಟ್ಟು ಅದನ್ನು ಬಿಚ್ಚಿಡಿ. ಕಾರಣ ಆ ಸಂಖ್ಯೆಯೊಳಗೇ ಇದೆ, ಅದನ್ನು ಕಂಡಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಮಾಪಕದ ಪುಟ್ಟ ಬಟ್ಟಲು ಒಂದು ಸೆಂಟು (ಇಂಚಿನ ನೂರನೇ ಒಂದು ಭಾಗ) ಮಳೆಗೆ ಒಮ್ಮೆ ಮಗುಚುತ್ತದೆ. ಅಂದರೆ ಯಂತ್ರದ ಪ್ರಕಾರ ಅದು 8224 ಸಲ ಮಗುಚಿದೆ. ಕಂಪ್ಯೂಟರಿನಲ್ಲಿ ಪದಗಳ ನಡುವಿನ ಖಾಲಿ ಜಾಗಕ್ಕೂ ಒಂದು ಸಂಖ್ಯೆಯುಂಟು: 32. ಎರಡು ಬೈಟಿನ ಲೆಕ್ಕದ ಮನೆಯಲ್ಲಿ ಎರಡು 32 ಅಕ್ಕಪಕ್ಕ ಕೂತರೆ? 32 × 256 + 32 = 8224!

ಪ್ರೋಗ್ರಾಂ ತರಿಸಿ ನೋಡಿದೆ. ಬರುವ ಎಸ್‌ಎಂಎಸ್‌ಗೆ 100 ಬೈಟು ಜಾಗ, ಅದಕ್ಕೆ ಅಂಟಿಕೊಂಡೇ ಮಳೆಯ ಲೆಕ್ಕ. ಎಸ್‌ಎಂಎಸ್ 160 ಅಕ್ಷರದವರೆಗೂ ಬರಬಹುದು. ಉದ್ದ ಪರೀಕ್ಷಿಸುವ ಸಾಲೇ ಇಲ್ಲ. ಬಾಲದಲ್ಲಿ ಎರಡು ಖಾಲಿ ಜಾಗವಿದ್ದ ಯಾವುದೋ ಜಾಹೀರಾತು ಗಡಿ ದಾಟಿ ಮಳೆಯ ಮನೆಯಲ್ಲಿ ಕೂತಿದೆ.

ಗಡಿ ಕಾಯುವುದು ಹೇಗೆಂದು ಕೊಡಗಿನವರಿಗೆ ಹೇಳಿಕೊಡಬೇಕಿಲ್ಲ. ಹಿಂದಿನವರು ರಕ್ಷಣೆಗೆಂದು ತೋಡಿದ ಕಂದಕಗಳು, ಅಂದರೆ ಕಡಂಗಗಳು, ಇಂದಿಗೂ ಅಲ್ಲಲ್ಲಿ ಕಾಣುತ್ತವೆ. ಚಿಪ್ಪಿನೊಳಗಿನ ಕಡಂಗಕ್ಕೆ ಮೆಮೊರಿ ಪ್ರೊಟೆಕ್ಷನ್ ಯೂನಿಟ್, ಚಿಕ್ಕದಾಗಿ ಎಂಪಿಯು, ಎನ್ನುತ್ತಾರೆ. ಎಸ್‌ಎಂಎಸ್ ಓದುವ ಭಾಗ ತನ್ನ ಜಾಗ ಮೀರಿ ಬರೆಯಹೊರಟರೆ ಎಂಪಿಯು ಆ ಕ್ಷಣವೇ ತಡೆದು ತಪ್ಪನ್ನು ವರದಿ ಮಾಡುತ್ತದೆ. ಮಳೆಯ ಲೆಕ್ಕ ಉಳಿಯುತ್ತದೆ.

ಈ ಮಾಪಕದಲ್ಲಿದ್ದುದು ಎಟಿಮೆಗಾ 328ಪಿ ಎಂಬ ಚಿಪ್ಪು. ಕೆಲಸದ ಮೆಮೊರಿ ಬರೀ 2 ಕೆಬಿ, ಕಡಂಗ ಇಲ್ಲ. ಹಾಗಾದರೆ ಮೊಬೈಲಿನ ಪ್ರೊಸೆಸರನ್ನೇ ಹಾಕಬಹುದಲ್ಲ ಎನ್ನುವವರಿದ್ದಾರೆ. ಇದು ತಪ್ಪು ತಿಳಿವಳಿಕೆ. ಜೂನ್‌ನಿಂದ ಬಿಸಿಲೇ ಕಾಣದ ಊರಿನಲ್ಲಿ ಸೋಲಾರ್ ಪ್ಯಾನಲ್ ಅದರ ಹಸಿವು ತುಂಬಿಸಲಾರದು. ಮಳೆಮಾಪಕಕ್ಕೆ ಬೇಕಾದ್ದು ಹೆಚ್ಚು ಹೊತ್ತು ನಿದ್ದೆ ಮಾಡಿ, ಬಟ್ಟಲು ಮಗುಚಿದಾಗಷ್ಟೇ ಏಳುವ ಚಿಪ್ಪು. ಕಾರ್ಟೆಕ್ಸ್-ಎಂ0 ಅಂಥದ್ದೇ, ಆದರೆ ಅದರಲ್ಲಿ ಎಂಪಿಯು ಇಲ್ಲ. ಎಂ0+, ಎಂ3, ಎಂ4ಗಳಲ್ಲಿ ಅದು ತಯಾರಕರ ಇಚ್ಛೆಗೆ ಬಿಟ್ಟದ್ದು. ಒಂದೇ ಹೆಸರಿನ ಎರಡು ಚಿಪ್ಪುಗಳಲ್ಲಿ ಒಂದಕ್ಕೆ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು. ಡೇಟಾಶೀಟ್ ಓದಿಯೇ ಕೊಳ್ಳಬೇಕು.

ಎಂಪಿಯು ಇದ್ದ ಮಾತ್ರಕ್ಕೆ ಕಾವಲು ಬಿತ್ತೆಂದಲ್ಲ. ಯಾವ ಜಾಗ ಯಾರದೆಂದು ಗೆರೆ ಎಳೆಯುವುದು ಪ್ರೋಗ್ರಾಂ ಬರೆಯುವವರ ಕೆಲಸ. ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ ಎಂಬ ಸಮಾಧಾನವೂ ಬೇಡ. ಅದು ತಪ್ಪನ್ನು ಅಳಿಸುವುದಿಲ್ಲ, ಮುಂದಿನ ಎಸ್‌ಎಂಎಸ್‌ವರೆಗೆ ಮುಚ್ಚಿಡುತ್ತದೆ.

82 ಇಂಚನ್ನು ಯಾರೂ ನಂಬುವುದಿಲ್ಲ, ಹಾಗಾಗಿ ತಪ್ಪು ಸಿಕ್ಕಿತು. ಅದೇ ಜಾಗದಲ್ಲಿ 3 ಇಂಚು ಎಂದು ಬಂದಿದ್ದರೆ ನಂಬಿಬಿಡುತ್ತಿದ್ದೆವು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದದ್ದನ್ನು ಕಂಡ ಜಿಲ್ಲೆಗೆ ನಂಬಬಹುದಾದ ಮಳೆಲೆಕ್ಕ ಬೇಕು. ಮಳೆಮಾಪಕ ಕಟ್ಟುವ ಮಕ್ಕಳೇ, ಮೊದಲು ಕಡಂಗ ತೋಡಿ.